ಮಗಳು ಮೊದಲು ಯಾರ ಬಳಿಗೆ ಹೋಗುತ್ತಾಳೆ?

ಮಗಳಿಗೆ ಸಂಕಟ ಬಂದರೆ ಮೊದಲು ತಾಯಿಯ ಬಳಿಗೆ ಬರಬೇಕು ಎಂದು ನಾವೆಲ್ಲರೂ ಹೇಳುತ್ತೇವೆ. ಆದರೆ ಅವಳು ನಿಜವಾಗಿಯೂ ಬರುತ್ತಾಳೆಯೇ? ಫ್ರಾನ್ಸಿನ ಒಂದು ಕಾನೂನು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಅಲ್ಲಿ ಸುಮಾರು 11ರಿಂದ 15 ವರ್ಷದ ಮಕ್ಕಳು ಕಲಿಯುವ ಶಾಲೆಗೆ 'ಕಾಲೇಜ್' ಎಂದೂ ಅದರ ಮೇಲಿನದಕ್ಕೆ 'ಲಿಸೇ' ಎಂದೂ ಹೆಸರು. 2000ದ ಆರಂಭದಲ್ಲಿ ಆಗಿನ ಶಾಲಾ ಶಿಕ್ಷಣ ಸಚಿವೆ ಸೆಗೊಲೇನ್ ರೊಯಾಲ್, ಶಾಲೆಯ ದಾದಿಯರು ವಿದ್ಯಾರ್ಥಿನಿಯರಿಗೆ ತುರ್ತು ಗರ್ಭನಿರೋಧಕ ಮಾತ್ರೆ ಕೊಡಬಹುದೆಂದು ಅನುಮತಿಸಿದರು. 1967ರ ಕಾನೂನಿನಂತೆ ಇಂತಹ ಮಾತ್ರೆಗೆ ವೈದ್ಯರ ಚೀಟಿ ಬೇಕೆಂಬ ಕಾರಣಕ್ಕೆ, ಜೂನ್ 30ರಂದು ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ಅದೇ ವರ್ಷ ಡಿಸೆಂಬರ್ 13ರಂದು ಹೊಸ ಕಾನೂನೇ ಬಂತು. ಆಗಿನ ಅದರ ನಿಯಮದಂತೆ, ವೈದ್ಯರು ಕೂಡಲೇ ಸಿಗದಿದ್ದು, ಹುಡುಗಿ ತೀವ್ರ ಸಂಕಟದಲ್ಲಿದ್ದರೆ ದಾದಿ ಮಾತ್ರೆ ಕೊಡಬಹುದಾಗಿತ್ತು. ಹೆತ್ತವರ ಒಪ್ಪಿಗೆ ಕಡ್ಡಾಯವಲ್ಲ.

ಇದು ಪರದೇಶದ ಸಮಾಚಾರ ಎಂದು ಸುಮ್ಮನಾಗಬೇಡಿ. ಲೆವೊನಾರ್ಜೆಸ್ಟ್ರೆಲ್ ಎಂಬ ಅದೇ ಔಷಧಿ 2005ರಿಂದ ಭಾರತದಲ್ಲೂ ಚೀಟಿಯಿಲ್ಲದೆ ಸಿಗತೊಡಗಿತು. 72 ಗಂಟೆಗಳೊಳಗೆ ಸೇವಿಸಿದರೆ ಅದು ಮುಖ್ಯವಾಗಿ ಅಂಡಾಣು ಬಿಡುಗಡೆಯನ್ನು ಮುಂದೂಡುತ್ತದೆ. ಆಗಲೇ ನಿಂತ ಗರ್ಭವನ್ನು ತೆಗೆಯುವುದಿಲ್ಲ, ಲೈಂಗಿಕ ರೋಗಗಳನ್ನು ತಡೆಯುವುದಿಲ್ಲ. ಮನಸ್ಸಿನ ಗಾಯಕ್ಕಂತೂ ಅದು ಮದ್ದೇ ಅಲ್ಲ.

ದಂಪತಿಗಳು ಪರಸ್ಪರ ಒಪ್ಪಿ ಗರ್ಭಧಾರಣೆಯನ್ನು ಮುಂದೂಡುವುದನ್ನು ಅನೇಕ ವಿದ್ವಾಂಸರು ಅನುಮತಿಸಿದ್ದಾರೆ. ಇಲ್ಲಿನ ಪ್ರಶ್ನೆ ನಿಕಾಹ್‌ನ ಹೊರಗಿನ ಸಂಬಂಧದ್ದು. ಕುರ್‌ಆನ್ ವ್ಯಭಿಚಾರವನ್ನು ಮಾತ್ರವಲ್ಲ, ಅದರ ಸಮೀಪ ಸುಳಿಯುವುದನ್ನೂ ನಿಷೇಧಿಸಿದೆ (17:32). ದೃಷ್ಟಿ ತಗ್ಗಿಸುವ ಆಜ್ಞೆಯನ್ನು ಮೊದಲು ಪುರುಷರಿಗೇ ನೀಡಿದೆ (24:30). ಹೀಗಿರುವಾಗ ಮಗಳಿಗೆ ಮಾತ್ರ ಉಪದೇಶಿಸಿ ಮಗನನ್ನು ಸುಮ್ಮನೆ ಬಿಡುವುದು ಯಾವ ನ್ಯಾಯ? ದಾದಿಯ ಬಳಿ ಹೋದವಳು ಬಲಾತ್ಕಾರಕ್ಕೆ ಒಳಗಾದವಳೂ ಆಗಿರಬಹುದು. ಅವಳ ಮೇಲೆ ಪಾಪವಿಲ್ಲ. ಚಿಕಿತ್ಸೆ, ರಕ್ಷಣೆ, ನ್ಯಾಯ ಅವಳ ಹಕ್ಕು.

ವ್ಯಭಿಚಾರಕ್ಕೆ ಅನುಮತಿ ಕೇಳಲು ಬಂದ ಯುವಕನೊಬ್ಬನನ್ನು ಜನರು ಗದರಿಸಿದಾಗ ಪ್ರವಾದಿ(ಸ)ರು ಏನು ಮಾಡಿದರು? ಅವನನ್ನು ಹತ್ತಿರ ಕುಳ್ಳಿರಿಸಿಕೊಂಡರು. ನಿನ್ನ ತಾಯಿಗೆ, ಮಗಳಿಗೆ, ಸಹೋದರಿಗೆ ಇದನ್ನು ಬಯಸುವೆಯಾ ಎಂದು ಕೇಳಿದರು. ಅವನ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಅಂತಹ ಮಾತನ್ನೂ ಬಾಯಿಬಿಟ್ಟು ಕೇಳುವ ಧೈರ್ಯ ಅವನಿಗಿತ್ತು. ನಮ್ಮ ಮಕ್ಕಳಿಗೆ ನಮ್ಮೆದುರು ಅಷ್ಟು ಧೈರ್ಯವಿದೆಯೇ?

ಲಜ್ಜೆ ಈಮಾನಿನ ಅಂಗ. ಆದರೆ ಲಜ್ಜೆ ಎಂದರೆ ಮೌನವಲ್ಲ. ಧರ್ಮದ ವಿಷಯ ಕೇಳಿ ತಿಳಿಯಲು ಲಜ್ಜೆ ಅಡ್ಡಿಯಾಗದ ಅನ್ಸಾರ್ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಹೊಗಳಿದ್ದಾರೆ. ಆದ್ದರಿಂದ ಮಗಳು ಋತುಮತಿಯಾಗುವ ಮೊದಲೇ ತಾಯಿ ಅವಳೊಂದಿಗೆ ಮಾತಾಡಲಿ, ತಂದೆ ಮಗನೊಂದಿಗೆ ಮಾತಾಡಲಿ. ಹರಾಮ್ ಯಾವುದು, ಅದೇಕೆ ಹರಾಮ್ ಎಂದು ತಿಳಿಸಲಿ. ಜೊತೆಗೆ, "ಏನೇ ಆಗಲಿ, ಮೊದಲು ನನ್ನ ಬಳಿ ಬಾ" ಎಂದೂ ಹೇಳಲಿ. ಈ ಮಾತು ಪಾಪಕ್ಕೆ ಪರವಾನಿಗೆಯಲ್ಲ, ತೌಬಾದ ದಾರಿಯನ್ನು ಮುಚ್ಚದಿರುವುದು.

ನಮ್ಮ ಮನೆಯ ಬಾಗಿಲು ಮಕ್ಕಳಿಗೆ ಸದಾ ತೆರೆದಿರುವಂತೆ ಅಲ್ಲಾಹನು ಅನುಗ್ರಹಿಸಲಿ.