ಭೇಟಿಯ ಕರಾರು, ಐದು ಸೆಂಟ್‌ನ ಲಾಭ

ಮುಂದೆ ನಡೆಯಬಹುದಾದ ಒಂದು ಸಂಗತಿ ನಡೆದರೆ ಒಂದು ಡಾಲರ್, ನಡೆಯದಿದ್ದರೆ ಸೊನ್ನೆ ಎಂಬ ಕರಾರನ್ನು ಷೇರಿನಂತೆ ಕೊಂಡು ಮಾರುವ ವ್ಯವಸ್ಥೆಗೆ ಪ್ರಿಡಿಕ್ಷನ್ ಮಾರ್ಕೆಟ್, ಅಂದರೆ ಮುನ್ಸೂಚನಾ ಮಾರುಕಟ್ಟೆ ಎಂದು ಹೆಸರು. 1988ರಲ್ಲಿ ಅಯೋವಾ ವಿಶ್ವವಿದ್ಯಾಲಯದ ಅಧ್ಯಾಪಕರು ಚುನಾವಣೆಯ ಅಧ್ಯಯನಕ್ಕೆಂದು ಸಣ್ಣ ಮೊತ್ತಗಳಲ್ಲಿ ನಡೆಸಿದ ಈ ಪ್ರಯೋಗ ಈಗ ಕಾಲ್ಶಿ, ಪಾಲಿಮಾರ್ಕೆಟ್‌ನಂಥ ಕಂಪನಿಗಳ ದೊಡ್ಡ ವ್ಯವಹಾರವಾಗಿದ್ದು, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ನಿಗದಿತ ದಿನಾಂಕದೊಳಗೆ ಯಾವ ನಾಯಕರನ್ನು ಭೇಟಿಯಾಗುತ್ತಾರೆ ಎಂಬುದೂ ಅಲ್ಲಿ ಮಾರಾಟದ ಸರಕಾಗಿದೆ. ‘ಹೌದು’ ಕರಾರಿನ ಬೆಲೆ 30 ಸೆಂಟ್ ಇದ್ದರೆ, ಭೇಟಿಯ ಸಂಭವ ಸುಮಾರು ಶೇ 30 ಎಂಬುದು ಕೊಳ್ಳುವವರ ಮತ್ತು ಮಾರುವವರ ಒಟ್ಟು ಅಂದಾಜು.

ಚುನಾವಣೆಯಲ್ಲಿ ಗೆಲ್ಲುವವರು ಒಬ್ಬರೇ ಆದ್ದರಿಂದ ಎಲ್ಲ ಅಭ್ಯರ್ಥಿಗಳ ಬೆಲೆ ಕೂಡಿಸಿದರೆ 100 ಸೆಂಟ್‌ನ ಆಸುಪಾಸಿಗೆ ಬರುತ್ತದೆ. ಅಧ್ಯಕ್ಷರಾದರೋ ಒಂದೇ ತಿಂಗಳಲ್ಲಿ ಹಲವರನ್ನು ಕಾಣಬಹುದಾದ್ದರಿಂದ ಇಲ್ಲಿ ಪ್ರತಿ ಹೆಸರೂ ಪ್ರತ್ಯೇಕ ಕರಾರು. ಪಟ್ಟಿಯ ಬೆಲೆಗಳೆಲ್ಲ ಸೇರಿ 400 ಸೆಂಟ್ ಆದರೆ ಅದು ಲೆಕ್ಕದ ದೋಷವಲ್ಲ, ಸರಾಸರಿ ನಾಲ್ವರ ಭೇಟಿಯ ನಿರೀಕ್ಷೆ.

ಈ ಬೆಲೆಗಳನ್ನು ಹಣ ಹೂಡದೆ, ಮನೆಯ ಖರ್ಚಿನ ಪುಸ್ತಕದ ಕೊನೆಯ ಹಾಳೆಗಳಲ್ಲಿ ಗುರುತು ಹಾಕಿಕೊಳ್ಳುತ್ತ ಬಂದ ಈ ಅಂಕಣಕಾರನಿಗೆ ಹೆಚ್ಚು ಆಸೆ ಹುಟ್ಟಿಸಿದ್ದು ಅಸಂಭವವೆನಿಸುವ ಭೇಟಿಗಳ ‘ಇಲ್ಲ’ ಕರಾರು. 95 ಸೆಂಟ್‌ಗೆ ಕೊಂಡದ್ದು ಮೂರು ತಿಂಗಳಲ್ಲಿ ಡಾಲರ್ ಆದರೆ ಶೇ 5ಕ್ಕಿಂತ ತುಸು ಹೆಚ್ಚು ಗಳಿಕೆ. ಬ್ಯಾಂಕಿನ ಎಫ್‌ಡಿ ವರ್ಷವಿಡೀ ಕೊಡುವ ಬಡ್ಡಿಯ ಬಹುಪಾಲು ಅಷ್ಟರಲ್ಲೇ ಬಂದಂತೆ. ಆದರೆ ಒಂದೇ ಒಂದು ಸೋಲು 19 ಗೆಲುವುಗಳ ಲಾಭವನ್ನು ನುಂಗಿಬಿಡುವುದರಿಂದ, ಹೀಗೆ ಹಣ ಹಾಕುವವರು ಠೇವಣಿದಾರರಲ್ಲ, ಅಗ್ಗದ ಕಂತಿಗೆ ದೊಡ್ಡ ವಿಮೆ ಬರೆದುಕೊಟ್ಟವರು.

ಅಂಥ ಸೋಲು ಅಪರೂಪವೂ ಅಲ್ಲ. 2019ರ ಜೂನ್ 29ರಂದು ಒಸಾಕಾದಿಂದ ಟ್ರಂಪ್ ಮಾಡಿದ ಒಂದು ಟ್ವೀಟ್‌ನ ಫಲವಾಗಿ ಮರುದಿನವೇ ಪನ್ಮುಂಜೊಮ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಭೇಟಿ ನಡೆಯಿತು; 2025ರ ಏಪ್ರಿಲ್ 26ರಂದು ಪೋಪ್ ಫ್ರಾನ್ಸಿಸ್ ಅವರ ಅಂತ್ಯಕ್ರಿಯೆಗೆ ಹೋದಾಗ ಸೇಂಟ್ ಪೀಟರ್ಸ್ ಬೆಸಿಲಿಕಾದೊಳಗೆ ಉಕ್ರೇನಿನ ಝೆಲೆನ್‌ಸ್ಕಿಯವರೊಡನೆ ಮಾತುಕತೆಯಾಯಿತು. ಇದಕ್ಕೆ ವಿರುದ್ಧವಾಗಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಟ್ರಂಪ್ ಅವರೇ ಸಾರಿದ್ದ ಬುಡಾಪೆಸ್ಟ್‌ನ ಪುಟಿನ್ ಭೇಟಿ ವಾರ ಕಳೆಯುವಷ್ಟರಲ್ಲಿ ರದ್ದಾಯಿತು. ಒಬ್ಬ ವ್ಯಕ್ತಿಯ ಮನಸ್ಸಿನಲ್ಲಿ ತೀರ್ಮಾನವಾಗುವ ಸಂಗತಿಯನ್ನು ಆ ವ್ಯಕ್ತಿಯ ಸುತ್ತಲಿನವರು ಮೊದಲೇ ಅರಿತಿರುತ್ತಾರೆ; ಎದುರು ಬದಿಯಲ್ಲಿ ಮಾರುತ್ತಿರುವವರು ಅವರ ಪೈಕಿಯವರೇ ಇರಬಹುದೆಂಬ ಗುಮಾನಿಯನ್ನು ಹೊರಗಿನವರು ಬಿಡುವಂತಿಲ್ಲ.

ಇಷ್ಟಾದರೂ ಹಣ ಹೆಚ್ಚು ಕಳೆಯುವುದು ಊಹೆ ತಪ್ಪಿ ಅಲ್ಲ, ಷರತ್ತನ್ನು ಓದದೆ ಎಂಬುದು ಆ ಹಾಳೆಗಳಿಂದ ಈ ಅಂಕಣಕಾರ ತಲುಪಿದ ತೀರ್ಮಾನ. 2025ರ ಸೆಪ್ಟೆಂಬರ್ 23ರಂದು ವಿಶ್ವಸಂಸ್ಥೆಯಲ್ಲಿ ಬ್ರೆಜಿಲ್‌ನ ಲೂಲಾ ಎದುರಾದರು, ಅಪ್ಪಿಕೊಂಡೆವು, 39 ಸೆಕೆಂಡು ಮಾತಾಡಿದೆವು ಎಂದು ಟ್ರಂಪ್ ಭಾಷಣದಲ್ಲೇ ಹೇಳಿಕೊಂಡರು; ಇಬ್ಬರೂ ಕುಳಿತು ಮಾತಾಡಿದ್ದು ಅಕ್ಟೋಬರ್ 26ರಂದು ಕೌಲಾಲಂಪುರದಲ್ಲಿ. ಸೆಪ್ಟೆಂಬರ್ ಕೊನೆಗೆ ಮುಗಿಯುವ ಕರಾರಿನಲ್ಲಿ ಆ ಅಪ್ಪುಗೆ ಭೇಟಿಯೋ ಅಲ್ಲವೋ ಎಂಬುದನ್ನು ನಿರ್ಧರಿಸುವುದು ರಾಜತಾಂತ್ರಿಕತೆಯಲ್ಲ, ಕರಾರಿನ ವಾಕ್ಯ. ಪಾಲಿಮಾರ್ಕೆಟ್‌ನಲ್ಲಿ ಇಂಥ ವ್ಯಾಜ್ಯಗಳು ಯುಎಂಎ ಎಂಬ ಟೋಕನ್ ಉಳ್ಳವರ ಮತಕ್ಕೆ ಹೋಗುತ್ತವೆ. ಝೆಲೆನ್‌ಸ್ಕಿ 2025ರ ಜೂನ್ ಮುಗಿಯುವುದರೊಳಗೆ ಸೂಟ್ ತೊಡುವರೇ ಎಂಬ ಕರಾರಿನಲ್ಲಿ, ಹೇಗ್‌ನ ನ್ಯಾಟೊ ಸಮಾವೇಶಕ್ಕೆ ಅವರು ಕಪ್ಪು ಕೋಟು ತೊಟ್ಟು ಬಂದಿದ್ದರೂ, ಕೊನೆಯ ತೀರ್ಪು ‘ಇಲ್ಲ’ ಎಂದೇ ಬಂತು. (ದರ್ಜಿಗಳ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ.)

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ, ವಾಯಿದಾ ವಹಿವಾಟಿನ ನಿಯಂತ್ರಕ ಸಂಸ್ಥೆ ಸಿಎಫ್‌ಟಿಸಿಯಿಂದ 2020ರಲ್ಲಿ ಅನುಮತಿ ಪಡೆದ ಕಾಲ್ಶಿಯಂಥ ವಿನಿಮಯ ಕೇಂದ್ರವಾದರೂ ಇದೆ. ಭಾರತದಲ್ಲಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಅದಕ್ಕೂ ಮೊದಲೇ, ಏಪ್ರಿಲ್‌ನಲ್ಲಿ, ಇಂಥ ಅಭಿಪ್ರಾಯ ವ್ಯಾಪಾರಕ್ಕೆ ಹೂಡಿಕೆದಾರರ ರಕ್ಷಣೆಯ ಯಾವ ವ್ಯವಸ್ಥೆಯೂ ಅನ್ವಯಿಸುವುದಿಲ್ಲವೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಎಚ್ಚರಿಸಿತ್ತು. ಇನ್ನು 1872ರ ಭಾರತೀಯ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಪಂದ್ಯದ ಒಪ್ಪಂದವೇ ಅಸಿಂಧುವಾದ್ದರಿಂದ, ಗೆದ್ದ ಹಣ ಕೈಸೇರದಿದ್ದರೆ ಅದರ ವಸೂಲಿಗೆ ಇಲ್ಲಿನ ನ್ಯಾಯಾಲಯದಲ್ಲಿ ದಾವೆ ಹೂಡುವುದಕ್ಕೂ ಅವಕಾಶವಿಲ್ಲ.