ಗರ್ಭಕೋಶದ ಗಡ್ಡೆ ಮತ್ತು ಪ್ರಯೋಗಾಲಯದ ಮಾದರಿ



ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಫೈಬ್ರಾಯ್ಡ್ ಎಂಬ ಗಡ್ಡೆಯು ಕ್ಯಾನ್ಸರ್ ಅಲ್ಲ. ಆದರೂ ಅದು ಅತಿಯಾದ ಮುಟ್ಟಿನ ಸ್ರಾವವನ್ನೂ ಅದರಿಂದ ರಕ್ತಹೀನತೆಯನ್ನೂ ತರಬಲ್ಲದು. ನಮ್ಮ ಪುಂಜಾಲಕಟ್ಟೆಯ ಆಸುಪಾಸಿನಲ್ಲಿ ಬೀಡಿ ಕಟ್ಟುತ್ತ, ತೋಟದಲ್ಲಿ ದುಡಿಯುತ್ತ ಇದನ್ನು ಸಹಿಸಿಕೊಂಡೇ ದಿನ ದೂಡುವ ತಾಯಂದಿರು ಇದ್ದಾರೆ. ಗಡ್ಡೆಯನ್ನು ಕರಗಿಸುವುದೆಂದು ಪ್ರಯೋಗಾಲಯದಲ್ಲಿ ಸಿದ್ಧವಾದ ಔಷಧವಿದು ಎಂಬ ಮಾತನ್ನು ಅಂಥವರು ಎಷ್ಟರಮಟ್ಟಿಗೆ ನಂಬಬಹುದು?

ಮಾದರಿಗಳ ಮೂಲಕ ಕಲಿಯುವುದು ಆಯುರ್ವೇದಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯವು, ಶಿಷ್ಯನು ಸೋರೆ, ಸೌತೆ ಮೊದಲಾದ ಕಾಯಿಗಳ ಮೇಲೆ ಛೇದನವನ್ನು ಅಭ್ಯಾಸ ಮಾಡಬೇಕೆಂದು ವಿಧಿಸುತ್ತದೆ. ಸೋರೆಯನ್ನು ಕೊಯ್ದರೆ ಕೈ ಪಳಗುತ್ತದೆ. ಆದರೆ ಸೋರೆಯಲ್ಲಿ ರಕ್ತವಿಲ್ಲ, ನೋವಿಲ್ಲ. ಪ್ರತಿಯೊಂದು ಮಾದರಿಗೂ ಹೀಗೆ ಒಂದು ಮಿತಿಯಿರುತ್ತದೆ.

ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯ ಜೀವಕೋಶಗಳನ್ನು ತಟ್ಟೆಯಲ್ಲಿ ಒಂದೇ ಪದರವಾಗಿ ಬೆಳೆಸುವುದು ಹಳೆಯ ವಿಧಾನ. ಆದರೆ ಗಡ್ಡೆಯೆಂದರೆ ಬರಿಯ ಜೀವಕೋಶಗಳ ರಾಶಿಯಲ್ಲ. ಅವುಗಳ ಸುತ್ತ ಹೆಣೆದುಕೊಂಡ ಕೊಲಾಜೆನ್ ನಾರಿನ ಜಾಲವೇ ಗಡ್ಡೆಗೆ ಗಟ್ಟಿತನವನ್ನು ಕೊಡುತ್ತದೆ. ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಅದನ್ನು ಪೋಷಿಸುತ್ತವೆ. ತಟ್ಟೆಯಲ್ಲಿ ಈ ಪರಿಸರವು ಉಳಿಯುವುದಿಲ್ಲ.

2011ರಲ್ಲಿ ಫಿನ್‌ಲೆಂಡಿನ ವಿಜ್ಞಾನಿಗಳು, ಪರೀಕ್ಷಿಸಿದ ಗಡ್ಡೆಗಳಲ್ಲಿ ಸುಮಾರು 70 ಶೇಕಡದಷ್ಟರಲ್ಲಿ ಎಂಇಡಿ12 ಎಂಬ ವಂಶವಾಹಿಯು ಮಾರ್ಪಟ್ಟಿರುವುದನ್ನು ಕಂಡರು. ಅಂಥ ಜೀವಕೋಶಗಳು ತಟ್ಟೆಯಲ್ಲಿ ಬೆಳೆಸಿದಂತೆಲ್ಲ ಕಡಿಮೆಯಾಗುತ್ತ ಹೋಗುತ್ತವೆ. ಹೀಗಾಗಿ ಯಾವುದರ ಮೇಲೆ ಔಷಧವನ್ನು ಪರೀಕ್ಷಿಸಬೇಕೋ ಅದೇ ಅಲ್ಲಿ ಉಳಿಯದಿರಬಹುದು. ಆದುದರಿಂದಲೇ ಈಗ ಜೀವಕೋಶಗಳನ್ನು ಪುಟ್ಟ ಉಂಡೆಗಳಾಗಿ, ಇಲ್ಲವೇ ಕೊಲಾಜೆನ್ ಲೋಳೆಯೊಳಗೆ ಬೆಳೆಸುತ್ತಾರೆ; ಗಡ್ಡೆಯ ತುಣುಕನ್ನು ಇಲಿಯ ದೇಹದಲ್ಲಿ ನೆಟ್ಟೂ ನೋಡುತ್ತಾರೆ. ಇವು ನಿಜವಾದ ಗಡ್ಡೆಗೆ ಹೆಚ್ಚು ಹತ್ತಿರ. ಆದರೂ ಇವು ಹೆಣ್ಣಿನ ಗರ್ಭಕೋಶವಲ್ಲ.

ತಟ್ಟೆಯಲ್ಲಿ ಜೀವಕೋಶಗಳು ಸತ್ತ ಮಾತ್ರಕ್ಕೆ ದೇಹದಲ್ಲಿ ಗಡ್ಡೆ ಕರಗುವುದೆಂದು ಹೇಳಲಾಗದು. ಮನುಷ್ಯರಲ್ಲಿ ಕ್ರಮಬದ್ಧವಾಗಿ ಪರೀಕ್ಷೆಯಾಗಿದೆಯೇ ಎಂದು ಕೇಳಬೇಕು. ಆಧುನಿಕ ಮಾತ್ರೆಗೂ ನಮ್ಮ ಆಯುರ್ವೇದದ ಕಷಾಯಕ್ಕೂ ಅಳತೆಗೋಲು ಒಂದೇ ಆಗಿರಲಿ.

ಸ್ರಾವವು ಮಿತಿಮೀರಿದರೆ ಚೂರ್ಣವನ್ನು ನಂಬಿ ತಿಂಗಳುಗಟ್ಟಲೆ ಕಾಯದೆ, ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಸ್ಕ್ಯಾನಿಂಗನ್ನೂ ಮಾಡಿಸಿರಿ. ಹಾಗೆಂದು ಗರ್ಭಕೋಶವನ್ನು ತೆಗೆಸಲು ಅವಸರವೂ ಬೇಡ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಯನ್ನು ಜಾರಿಗೆ ತರುವಂತೆ ಸರ್ವೋಚ್ಚ ನ್ಯಾಯಾಲಯವು 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಆದೇಶಿಸಿದೆ. ಮುಟ್ಟು ನಿಂತ ಮೇಲೆ ಗಡ್ಡೆಗಳು ಸಾಮಾನ್ಯವಾಗಿ ಕುಗ್ಗುತ್ತವೆ; ಆ ಮೇಲೂ ಬೆಳೆದರೆ, ಇಲ್ಲವೇ ಮತ್ತೆ ಸ್ರಾವ ಕಂಡರೆ, ತಡಮಾಡದೆ ತಜ್ಞರಿಗೆ ತೋರಿಸಬೇಕು. ಮನೆಯ ಹೆಣ್ಣುಮಕ್ಕಳ ಆಯಾಸವನ್ನು ಗಮನಿಸಿ ಪರೀಕ್ಷೆಗೆ ಕರೆದೊಯ್ಯುವುದು ಮನೆಮಂದಿಯ ಕರ್ತವ್ಯವೂ ಹೌದು.