ಜೌಗಿಗೆ ಹೊರಟ ಹುಡುಗನಿಗೆ

ತಮ್ಮಾ, ವಿಸ್ಕಾನ್ಸಿನ್‌ನಲ್ಲಿ ಕೆಲಸ ಹಿಡಿದ ನೀನು ಅಲ್ಲಿನ ಗೆಳೆಯರ ಜೊತೆ ಹೊರಿಕಾನ್ ಜೌಗಿಗೆ ಬಾತು ಬೇಟೆಗೆ ಹೋಗಬೇಕು, ದೋಣಿಯನ್ನೂ ನಾನೇ ಮಾಡಿಕೊಳ್ಳುತ್ತೇನೆ ಅಂತ ಹೊರಟಿದ್ದೀಯ. ಮಾಡು. ಆ ಜೌಗು ಸುಮಾರು 33 ಸಾವಿರ ಎಕರೆ, ಎಲ್ಲಿ ನೋಡಿದರೂ ಜೊಂಡು. ದೋಣಿಯನ್ನು ಒಬ್ಬನೇ ಎತ್ತಿ, ಕೆಸರಲ್ಲಿ ಎಳೆದು ನೀರಿಗಿಳಿಸಬೇಕಾಗುತ್ತದೆ. ಹಾಗಾಗಿ ದೋಣಿ ಹಗುರವಾಗಿಯೇ ಇರಬೇಕು. ಆದರೆ ಎಲ್ಲಿ ಭಾರ ಕಡಿಮೆ ಮಾಡಬಹುದು, ಎಲ್ಲಿ ಮಾಡಲೇಬಾರದು ಅನ್ನುವುದನ್ನು ಮೊದಲು ತಿಳಿದುಕೋ.

ಪ್ಲೈವುಡ್ ಹಾಳೆಗಳನ್ನು ಕತ್ತರಿಸಿ, ಅಂಚಿನುದ್ದಕ್ಕೂ ತೂತು ಕೊರೆದು, ತಾಮ್ರದ ತಂತಿಯಿಂದ ಹೊಲಿದು, ಕೂಡುಗೆರೆಗೆ ಎಪಾಕ್ಸಿ ತುಂಬಿ ಫೈಬರ್‌ಗ್ಲಾಸ್ ಪಟ್ಟಿ ಅಂಟಿಸುವ ಕ್ರಮ ನಿನ್ನಂಥವರಿಗೆ ಸರಿ. ಬ್ರಿಟನ್ನಿನಲ್ಲಿ 1963ರಲ್ಲಿ ಬಂದ ಮಿರರ್ ಎಂಬ ಪುಟ್ಟ ಹಾಯಿದೋಣಿಯಿಂದ ಈ ಕ್ರಮ ಜನಸಾಮಾನ್ಯರ ಕೈಗೆ ಬಂತು. ನಮ್ಮ ಹಂಪಿಯ ಹರಿಗೋಲಿನಲ್ಲಿ ಬಿದಿರಿನ ಹೆಣಿಗೆ ಭಾರ ಹೊರುತ್ತದೆ, ಹೊದಿಕೆ ನೀರು ತಡೆಯುತ್ತದೆ. ನಿನ್ನ ದೋಣಿಯಲ್ಲಿ ಎರಡು ಕೆಲಸವನ್ನೂ ಒಂದೇ ತೆಳು ಹಲಗೆ ಮಾಡಬೇಕು. ಅದಕ್ಕೇ ಕೂಡುಗೆರೆಗಳಲ್ಲಿ ಕೈ ಬಿಗಿ ಮಾಡಬೇಡ. ಮರದ ಹುಡಿ ಕಲಸಿದ ಎಪಾಕ್ಸಿಯನ್ನು ಒಳಗಿನಿಂದ ದುಂಡಗೆ ತುಂಬು, ಒಳಗೂ ಹೊರಗೂ ಪಟ್ಟಿ ಹಾಕು. ಪಕ್ಕಕ್ಕೆ 4 ಮಿ.ಮೀ. ಹಲಗೆ ಸಾಕು, ತಳಕ್ಕೆ 6 ಮಿ.ಮೀ. ಹಾಕಿ ಹೊರಗೆ ಫೈಬರ್‌ಗ್ಲಾಸ್ ಬಟ್ಟೆ ಹೊದಿಸು, ಏಕೆಂದರೆ ಬೊಡ್ಡೆ, ಕಲ್ಲುಗಳ ಮೇಲೆ ಉಜ್ಜುವುದು ತಳವೇ. ಕೈಗವಸು ಇಲ್ಲದೆ ಎಪಾಕ್ಸಿ ಮುಟ್ಟಬೇಡ. ಒಮ್ಮೆ ಚರ್ಮಕ್ಕೆ ಅಲರ್ಜಿ ಹತ್ತಿತೆಂದರೆ ಸುಲಭಕ್ಕೆ ಬಿಡುವುದಿಲ್ಲ. ಬಣ್ಣ ಮಾತ್ರ ಹೊಳೆಯದ ಒಣಹುಲ್ಲಿನ ಬಣ್ಣವೇ ಇರಲಿ.

ಇನ್ನು ಲೆಕ್ಕ. ದೋಣಿ 3.6 ಮೀಟರ್ ಉದ್ದ, 90 ಸೆಂ.ಮೀ. ಅಗಲವಿದ್ದು ಎರಡೂ ತುದಿ ಚೂಪಾಗಿದ್ದರೆ, ಒಂದೊಂದು ಸೆಂಟಿಮೀಟರ್ ಮುಳುಗಿದಾಗಲೂ ಅದು ಸುಮಾರು 22 ಕಿಲೋ ಭಾರ ಹೊರುತ್ತದೆ. ದೋಣಿ, ನೀನು, ನಾಯಿ, ಬಂದೂಕು, ನಕಲಿ ಬಾತುಗಳ ಚೀಲ ಎಲ್ಲ ಸೇರಿ 160 ಕಿಲೋ ಅಂದುಕೊಂಡರೂ ಮುಳುಗುವುದು 7 ಸೆಂ.ಮೀ. ಇದನ್ನು ನೋಡಿ, ಇನ್ನೂ ಎಷ್ಟೋ ಹೊರುತ್ತದೆ ಎಂದು ಇನ್ನೊಬ್ಬನನ್ನು ಹತ್ತಿಸಿಕೊಳ್ಳುವವರಿದ್ದಾರೆ. ತೇಲುವುದೇ ಬೇರೆ, ಮಗುಚದಿರುವುದೇ ಬೇರೆ. ಇಬ್ಬರಲ್ಲಿ ಒಬ್ಬ ಗುಂಡು ಹಾರಿಸಲು ಎದ್ದು ನಿಂತರೆ ಆ ಅಗಲ ಸಾಲದು. ಒಬ್ಬನಿಗೆಂದು ಕಟ್ಟಿದ್ದರಲ್ಲಿ ಒಬ್ಬನೇ ಹೋಗು, ತಳದಲ್ಲೇ ಕೂತು ಗುರಿಯಿಡು.

ಭಾರ ಉಳಿಸಲೆಂದು ಜನ ಮೊದಲು ಕೈಬಿಡುವುದು ದೋಣಿಯನ್ನು ತೇಲಿಸಿಡುವ ಫೋಮ್ ಅನ್ನು. ಇಲ್ಲಿ ನಾನು ಹಟ ಹಿಡಿಯುತ್ತೇನೆ. ಒಂದು ಲೀಟರ್ ಜಾಗದ ಫೋಮ್ ನೀರಿನಲ್ಲಿ ಸುಮಾರು ಒಂದು ಕಿಲೋ ಭಾರ ಎತ್ತಿ ಹಿಡಿಯುತ್ತದೆ, ಅದರ ಸ್ವಂತ ತೂಕವೋ ಏನೇನೂ ಅಲ್ಲ. ಎರಡೂ ತುದಿಗಳ ಮುಚ್ಚುಹಲಗೆಯ ಕೆಳಗೆ ಇಡುಕಿರಿಯುವಂತೆ ತುಂಬು. ಆಗ ನೀರು ತುಂಬಿದ ಮೇಲೂ ದೋಣಿ ನಿನ್ನ ಕೈಗೆ ಆಸರೆಯಾಗಿ ಉಳಿಯುತ್ತದೆ. ಬಿಳಿ ಥರ್ಮಾಕೋಲ್ ಬೇಡ, ಪೆಟ್ರೋಲು ತಗುಲಿದರೆ ಕರಗುತ್ತದೆ.

ಈ ಹಟ ಯಾಕೆ ಅಂತ ಕೇಳು. 1940ರ ನವೆಂಬರ್ 11ರ ಬೆಳಗ್ಗೆ ನೀನಿರುವ ಆ ಸೀಮೆಯಲ್ಲಿ ಹವೆ ಬೆಚ್ಚಗಿತ್ತು. ಬೇಟೆಗಾರರು ತೆಳು ಅಂಗಿಯಲ್ಲೇ ಮಿಸಿಸಿಪ್ಪಿಯ ಜೌಗಿಗೆ ಇಳಿದಿದ್ದರು. ಅಷ್ಟರಲ್ಲಿ ಹಿಮಗಾಳಿ ಎದ್ದಿತು. ಚಿಕ್ಕ ದೋಣಿಗಳು ಅಲೆಗೆ ತುಂಬಿ ಮುಳುಗಿದವು. ಎಷ್ಟೋ ಜನ ನಡುಗಡ್ಡೆಗಳಲ್ಲಿ ಒದ್ದೆ ಬಟ್ಟೆಯಲ್ಲೇ ಮರಗಟ್ಟಿ ಸತ್ತರು. ಆ ಬಿರುಗಾಳಿಗೆ ಸತ್ತವರು 145ಕ್ಕೂ ಹೆಚ್ಚು. ಅವರಲ್ಲಿ ಬಾತು ಬೇಟೆಗಾರರು ಬಹಳ ಮಂದಿ. ಕೊರೆಯುವ ನೀರಿಗೆ ಬಿದ್ದವನಿಗೆ ಮೊದಲ ನಿಮಿಷ ಉಸಿರೇ ಹತೋಟಿಗೆ ಬರುವುದಿಲ್ಲ. ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ ಅಷ್ಟೆ. ಈಜು ಬರುತ್ತದೆ ಎಂಬ ಧೈರ್ಯ ಅಲ್ಲಿ ನಡೆಯುವುದಿಲ್ಲ. ಲೈಫ್ ಜಾಕೆಟ್ ಮೈಮೇಲಿರಬೇಕು, ದೋಣಿಯ ಮೂಲೆಯಲ್ಲಲ್ಲ.

ಕಾನೂನಿನ ಮಾತು ಬೇಗ ಮುಗಿಸುತ್ತೇನೆ. ವೀಸಾದ ಮೇಲಿರುವ ನಿನ್ನಂಥವರು ಅಲ್ಲಿನ ಬೇಟೆ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡರೆ ಸಾಮಾನ್ಯವಾಗಿ ಅದೇ ಅಪರಾಧ. ಬೇಟೆಗೆ ಬೇಕಾದ 25 ಡಾಲರಿನ ಬಾತು ಸ್ಟಾಂಪನ್ನು ತಪ್ಪದೆ ಕೊಂಡುಕೋ, ಆ ಹಣದಲ್ಲೇ ಜೌಗುಗಳು ಉಳಿದಿವೆ. 1991ರಿಂದ ಆ ದೇಶದುದ್ದಕ್ಕೂ ಬಾತು ಬೇಟೆಗೆ ಸೀಸದ ಗುಂಡು ನಿಷಿದ್ಧ. ಊರಿಗೆ ಬಂದಾಗ ಮಾತ್ರ ಈ ಆಸೆ ಬೇಡ. ನಮ್ಮಲ್ಲಿ ಬೇಟೆಯನ್ನು ತಡೆಯುವ 1972ರ ವನ್ಯಜೀವಿ ಕಾಯ್ದೆ ಇದೆ. ಹಕ್ಕಿ ನೋಡಲು ಗದಗದ ಮಾಗಡಿ ಕೆರೆಗೆ ದುರ್ಬೀನು ಹಿಡಿದು ಹೋಗೋಣ.

ಬೇಟೆಯ ಕಾಲಕ್ಕೆ ಮುಂಚೆ, ಜುಲೈನ ಬೆಚ್ಚನೆ ನೀರಿನಲ್ಲಿ, ಎದೆಮಟ್ಟದ ಆಳದಲ್ಲಿ, ಗೆಳೆಯನೊಬ್ಬನನ್ನು ದಡದಲ್ಲಿ ನಿಲ್ಲಿಸಿಕೊಂಡು ದೋಣಿಯನ್ನು ಬೇಕೆಂದೇ ಮಗುಚು. ಬೇಟೆಯ ಬಟ್ಟೆ, ಬೂಟು ತೊಟ್ಟುಕೊಂಡೇ ಅದನ್ನು ನೆಟ್ಟಗೆ ಮಾಡಿ ಮತ್ತೆ ಹತ್ತಲು ನೋಡು. ಆಗದಿದ್ದರೆ ಆ ದೋಣಿ ಇನ್ನೂ ಸಿದ್ಧವಾಗಿಲ್ಲ, ನವೆಂಬರಿಗೆ ಅದನ್ನು ತೆಗೆದುಕೊಂಡು ಹೋಗಬೇಡ.